ಹೆಪ್ಪಿಗೆ ಐದು ಕಿಲೋಮೀಟರು

ಕುಂಸಿ ದಾಟಿದ ಮೇಲೆ ಹಾರೆಕೊಪ್ಪದಲ್ಲಿ
ರಸ್ತೆಯ ಆಚೆ ಗುತ್ಯಮ್ಮ, ಈಚೆ ಬಂಗಾರಮ್ಮ.
ನಡುವೆ ಇಪ್ಪತ್ತೆರಡಡಿ ಡಾಂಬರು,
ಹನ್ನೊಂದು ವರ್ಷದಿಂದ ಮಾತಿಲ್ಲ.

ನಾನು ಸರ್ವೆಯವರ ಹುಡುಗ.
ಕೆಂಪು ಬಿಳಿ ಪಟ್ಟೆಯ ಕೋಲು ಹಿಡಿದು
ಸಾಹೇಬರು ಕೈಯಾಡಿಸಿದತ್ತ ಸರಿಯುವುದು ನನ್ನ ಕೆಲಸ.
ಎಡಕ್ಕೆ ಅಂದರೆ ಎಡಕ್ಕೆ,
ಒಂದು ಚೂರು ಅಂದರೆ ಒಂದೇ ಚೂರು.

ಜಗಳದ ಬುಡ ಇಷ್ಟು:
ಬಂಗಾರಮ್ಮ ಕೊಟ್ಟ ಹೆಪ್ಪಿಗೆ
ಗುತ್ಯಮ್ಮನ ಮನೆ ಮದುವೆಯ ಮೊಸರೆಲ್ಲ ಲೋಳೆಯಾಯಿತು.
'ಹೆಪ್ಪಲ್ಲ ಅದು, ಹೊಟ್ಟೆಕಿಚ್ಚು' ಅಂದಳಂತೆ ಅವಳು.
'ಪಾತ್ರೆ ತೊಳೆಯದವಳ ಹಾಲಿಗೆ ನಾನೇನು ಮಾಡಲಿ' ಅಂದಳಂತೆ ಇವಳು.
ಆಮೇಲಿನ ಮಾತೆಲ್ಲ ಕೋಳಿಗಳ ಮೂಲಕ:
'ಹೋಗೇ, ಎದುರು ಮನೆಯವರ ಹಾಗೆ ಕಂಡಕಂಡಲ್ಲಿ ಕೆರೀಬೇಡ.'
ರಸ್ತೆ ಸಣ್ಣದು. ಎಲ್ಲ ಕೇಳುತ್ತಿತ್ತು.

ಗೂಟ ಹೊಡೆದ ದಿನ ಗುತ್ಯಮ್ಮ ಟೀ ಕೊಟ್ಟು ಕೇಳಿದಳು,
ತನ್ನದೆಷ್ಟು ಹೋಗುತ್ತದೆ ಅಂತಲ್ಲ,
'ಅವಳದ್ದು ಎಷ್ಟು ಹೋಗ್ತದೋ ತಮ್ಮಾ?'
ಈಚೆ ಬಂದರೆ ಬಂಗಾರಮ್ಮ
ಚಕ್ಕುಲಿ ಇಟ್ಟು ಅದೇ ಪ್ರಶ್ನೆ.
ಇಬ್ಬರಿಗೂ ಒಂದೇ ಸುಳ್ಳು: ಅವರದ್ದೇ ಜಾಸ್ತಿ ಅಕ್ಕಾ.
ಬಂಗಾರಮ್ಮ ಇನ್ನೆರಡು ಚಕ್ಕುಲಿ ಹಾಕಿದಳು.
ಗುತ್ಯಮ್ಮ ಮಾತ್ರ ಲೋಟ ತಿರುಗಿಸುತ್ತ ನಿಂತು,
'ಅಡುಗೆಮನೆ ಉಳೀತದಾ ಅವಳದ್ದು?' ಅಂದಳು.

ನಕ್ಷೆಯಲ್ಲಿ ಇದೆಲ್ಲ ಇಲ್ಲ.
ಎಡಕ್ಕೆ ಹೆಂಚಿನ ಕಟ್ಟಡ ಒಂದು,
ಬಲಕ್ಕೆ ಹೆಂಚಿನ ಕಟ್ಟಡ ಒಂದು, ಬಾವಿ ಒಂದು.

ಜಗಲಿ ಎರಡೂ ಹೋದವು. ಬಾವಿಗೆ ಮಣ್ಣು ಬಿತ್ತು.
ಪರಿಹಾರದ ದುಡ್ಡಲ್ಲಿ ಗುತ್ಯಮ್ಮ ಫ್ರಿಜ್ಜು ತಂದಳು,
ಬಂಗಾರಮ್ಮ ಅದಕ್ಕಿಂತ ಗೇಣು ಎತ್ತರದ್ದು.
ರೋಲರು ಬಂತು, ಜಲ್ಲಿ ಬಂತು,
ಬಿಹಾರದ ಹುಡುಗರು ಬಂದು ಬಿಸಿ ಡಾಂಬರು ಎಳೆದರು.
ಅವರು ಬಂಗಾರಮ್ಮನನ್ನು ಚಾಚೀ ಅನ್ನುತ್ತಿದ್ದರು,
ಇವಳು ಅವರಿಗೆ ಕನ್ನಡದಲ್ಲೇ ಬೈಯುತ್ತಿದ್ದಳು.

ಎರಡೂ ಕಡೆ ಗಾಡಿ ಬಿಟ್ಟ ವಾರ
ಬಂಗಾರಮ್ಮ ಎಂದಿನಂತೆ ಕೋಳಿಗೆ ಬೈದಳು.
ಆಚೆಯಿಂದ ಉತ್ತರವಿಲ್ಲ.
ಮರುದಿನ ಗಂಟಲು ಹರಿಯುವಷ್ಟು ಬೈದಳು.
ಗುತ್ಯಮ್ಮ ಹೊಸ ರಸ್ತೆಯ ಅಂಚಿಗೆ ಬಂದು
ಕಿವಿಗೆ ಕೈ ಹಚ್ಚಿ, ನಾನೇ ಕಂಡದ್ದು,
'ಏನಂದೇ?' ಅಂದಳು.
ಹನ್ನೊಂದು ವರ್ಷದ ಮೇಲೆ ನೇರ ಮಾತು.
ಜೋಳದ ಲಾರಿಯೊಂದು ನಡುವೆ ಹಾಯಿತು.
ಬಂಗಾರಮ್ಮ ಏನು ಹೇಳಿದಳೋ,
ಲಾರಿ ಸಾಗರಕ್ಕೆ ಹೊತ್ತುಕೊಂಡು ಹೋಯಿತು.

ಆಮೇಲೆ ಡಿವೈಡರ್, ಅದರ ಮೇಲೆ ಕಬ್ಬಿಣದ ಬೇಲಿ.
ಎದುರು ಮನೆಗೆ ಹೋಗಬೇಕೆಂದರೆ
ಎರಡೂವರೆ ಕಿಲೋಮೀಟರು ಹೋಗಿ ತಿರುಗಿ
ಎರಡೂವರೆ ಕಿಲೋಮೀಟರು ಬರಬೇಕು.
ಹೆಪ್ಪು ಅಷ್ಟರಲ್ಲಿ ಹುಳಿಯಾಗುತ್ತದೆ.

ಈಗ ನನ್ನದು ನಿರ್ವಹಣೆಯ ಕೆಲಸ.
ಬೈಕಲ್ಲಿ ಹೋಗಿ ಮುರಿದದ್ದನ್ನು ಬರೆದು ತರುವುದು.
ಹಾರೆಕೊಪ್ಪದ ಎದುರು ಬೇಲಿಯ ಒಂದು ಸರಳು ಇಲ್ಲ.
ಕಿತ್ತದ್ದಲ್ಲ, ಗರಗಸದಲ್ಲಿ ಪುರುಸೊತ್ತಾಗಿ ಕೊಯ್ದದ್ದು.
ಕಾರಣ ಎಂಬಲ್ಲಿ 'ವಾಹನ ಡಿಕ್ಕಿ' ಎಂದು ಬರೆದೆ.
ತಪ್ಪೇ ಅದು. ನೂರರಲ್ಲಿ ಬರುವ ಬಸ್ಸುಗಳನ್ನು ನೆನೆದು
ಒಂದು ರಾತ್ರಿ ಕಣ್ಣು ಹತ್ತಲಿಲ್ಲ.
ಹೊಸ ಸರಳು ಹಾಕಿಸಿದೆವು.
ಮುಂದಿನ ತಿಂಗಳು ಅದೂ ಇಲ್ಲ.
ಬಗ್ಗಿ ನೋಡಿದೆ:
ಮೇಲಿನ ತುದಿಯ ಕೊಯ್ತ ಆಚೆಯಿಂದ,
ಕೆಳಗಿನದು ಈಚೆಯಿಂದ.

'ಎಂಥಾ ಗಾಡಿಯೋ ಮಾರಾಯಾ ಅದು,
ತಿಂಗಳಿಗೊಮ್ಮೆ ಒಂದೇ ಸರಳಿಗೆ ಡಿಕ್ಕಿ ಹೊಡೆಯೋದು?'
ಸಾಹೇಬರು ಕೇಳಿದರು.
ಸಣ್ಣದು ಸಾರ್, ಅಂದೆ.
ಹಾಲಿನ ಗಾಡಿ ಇರಬೇಕು.