ಬೇವಿನ ಮರದ ಹಾಜರಿ

ನಮ್ಮಜ್ಜ ಕಮಾನು ಮೀಟಿ ಹತ್ತಿ ಹಿಂಜತಿದ್ದ
ಬೆಟಗೇರಿ ಓಣ್ಯಾಗ, ಮಂದಿ ಮನಿ ಕಟ್ಟಿ ಮ್ಯಾಲ ಕುಂತು.
ಬೀಡಿ ಮಾತ್ರ ಬೀದಿ ದಾಟಿ ಹೋಗಿ ಸೇದತಿದ್ದ.
'ಹತ್ತಿಗೆ ಕಿವಿ ಇಲ್ಲೋ, ಮೂಗೈತಿ,' ಅಂತಿದ್ದ,
'ಕಡ್ಡಿ ಗೀರೂದು ಅದಕ್ಕ ಮೊದಲ ಗೊತ್ತಾಗತೈತಿ.'

ನಾ ದಾವಲಸಾಬ ನದಾಫ,
ಗದಗಿನ ಜಿನ್ನಿಂಗ್ ಮಿಲ್ಲಿನ್ಯಾಗ ಬೆಂಕಿ ನೋಡಕೊಳ್ಳಾಂವ.
ಕಾಗದದಾಗ ನನ್ನ ಹುದ್ದೆ ಎರಡು ಸಾಲು ಉದ್ದ,
ಹೆಂಗಸರು ಕರಿಯೂದು ಸೀಟಿ ಸಾಬ.

ಏನು ಕೆಲಸ?
ಕೆಂಪು ಬಕೆಟ್ಟಿನ ಉಸುಕಿನ್ಯಾಗ ಗುಟ್ಕಾ ಉಗುಳಿದವರನ್ನ ಹುಡುಕೂದು,
ಬಾಗಲಕ್ಕ ಅಡ್ಡ ಒಟ್ಟಿದ ಅಂಡಗಿ ಸರಸೂದು,
ಹಿಂದಿನ ಬಾಗಲದ ಕೀಲಿ ಯಾರ ಕಿಸೇದಾಗ ಐತಿ ಅಂತ
ದಿನಾ ಕೇಳೂದು, ದಿನಾ ಬೈಸಿಕೊಳ್ಳೂದು.
ಸಿಲಿಂಡರಿನ ಮುಳ್ಳು ಹಸರಿನ್ಯಾಗ ಐತ್ಯೋ ಇಲ್ಲೋ ನೋಡಿ
ಚೀಟಿ ಮ್ಯಾಲ ಸಹಿ ಒಗಿಯೂದು.
ಸಂಜೀಕ, ಇವತ್ತ ಏನೂ ಆಗಲಿಲ್ಲ ಅಂತ ಬರಿಯೂದು.
ಏನೂ ಆಗದ್ದಕ್ಕ ಪಗಾರ ಯಾಕ ಅಂತ ಸಾವಕಾರ ಕೇಳಿದ್ರ
ನನ್ನ ಕಡೆ ಉತ್ತರ ಇರಂಗಿಲ್ಲ.

ತಿಂಗಳಿಗೊಮ್ಮೆ ಸುಳ್ಳು ಬೆಂಕಿ ಹಚ್ಚತೀನಿ, ಬರೇ ಸೀಟೀಲೆ.
ಎಲ್ಲಾರೂ ಬೇವಿನ ಮರದ ಬುಡಕ ಬರಬೇಕು,
ತೂಕದ ಕಾಟಾದ ಆಚೆ, ಹಸರು ಬೋರ್ಡು ಇದ್ದಲ್ಲೆ.
ಫಕೀರವ್ವ ಬುತ್ತಿ ಗಂಟು ಬಿಟ್ಟು ಬರಾಕ ಒಲ್ಲಳು.
'ಈ ಅರ್ಧಾ ತಾಸು ಪಗಾರದಾಗ ಮುರಿಯಂಗಿಲ್ಲ ಹೌದಿಲ್ಲೋ, ಸೀಟಿ ಸಾಬ?'
ಸೋಮಲಪ್ಪ ಸತ್ತಂಗ ಮಲಗತಾನ,
ನಾಕು ಮಂದಿ ಹೊತ್ತು ತರತಾರ, ಒಬ್ಬಾಕಿ ಹಾಡಿ ಅಳತಾಳ.
ನಾ ಹೆಸರು ಓದತೀನಿ. ನಲವತ್ಮೂರು.
ಲೆಕ್ಕ ಕೂಡಿತು ಅಂದ್ರ ಚಾ.

ಸಂಕ್ರಾಂತಿ ಮುಂದಿನ ಮಂಗಳವಾರ
ಹತ್ತಿ ಜೋಡಿ ಒಂದು ಹರಳು ಬಂತು, ಯಾವ ಹೊಲದ್ದೋ,
ಕಡ್ಲಿ ಕಾಳಿನಷ್ಟು.
ಮಶಿನಿನ ಹಲ್ಲಿಗೆ ತಾಕಿ ಒಂದ ಕಿಡಿ.
ಹತ್ತಿ ಬೆಂಕಿ ಒದರಂಗಿಲ್ಲ.
ಬಿಳೀ ರಾಶಿ ಮ್ಯಾಲ ಬೆಕ್ಕು ನಡದಂಗ ನಡೀತೈತಿ,
ನೋಡೂದ್ರೊಳಗ ಕರೀ ಹೆಜ್ಜಿ.

ಸೀಟಿ ಊದಿದೆ. ಯಾರೂ ನಗಲಿಲ್ಲ.
ಹಿಂದಿನ ಬಾಗಲಾ ತಗದಿತ್ತು, ಮುಂಜಾನೆಷ್ಟ ಜಗಳಾಡಿ ತಗಸಿದ್ದೆ.
ಫಕೀರವ್ವ ಬರಿಗೈಲೆ ಓಡಿ ಬಂದಳು.
ಗೇಟಿನ್ಯಾಗ ಸಾವಕಾರ ಬೇಲು ಎಣಸಾಕತ್ತಿದ್ದ,
ಮರದ ಬುಡಕ ನಾ ತಲಿ ಎಣಸಾಕತ್ತಿದ್ದೆ.

ಹೆಸರು ಓದಿದೆ. ನಲವತ್ಮೂರು 'ಹಾಜರ್'.
ತಲಿ ಎಣಿಸಿದೆ. ನಲವತ್ನಾಕು.

ಮತ್ತೊಮ್ಮೆ.
ನಲವತ್ನಾಕು.

ಕಡೀಕ ನಿಂತಿದ್ದಳು ಒಬ್ಬಾಕಿ, ಹುಬ್ಬಿನ ಮ್ಯಾಲೂ ಹತ್ತಿ.
ಮಂದಿ ಸಾಲಂಗಿಲ್ಲಂತ ಮೇಸ್ತ್ರಿ ಮುಂಜಾನೆ ಕರಕೊಂಡು ಬಂದಿದ್ದ,
ಹೆಸರು ನಾಳೆ ಹಚ್ಚೂಣು ಅಂದಿದ್ದ.
'ದ್ಯಾಮವ್ವ,' ಅಂದಳು,
ತಪ್ಪು ಮಾಡಿದಾಕಿ ಹಂಗ.

ಅವತ್ತ ಆಕಿ ಒಳಗ ಉಳದಿದ್ರ
ನಲವತ್ಮೂರು ಸರಿಯಾಗಿ ಕೂಡತಿತ್ತು.
ಪೆನ್ನಿನ ಟೊಪಗಿ ಹಾಕಿ
ಬೆಂಕಿ ಗಾಡಿಯವರಿಗೆ ನಾನ ಹೇಳತಿದ್ದೆ:
ಒಳಗ ಯಾರೂ ಇಲ್ಲರಿ.

ಮೂರು ದಿನ ಬೇಲು ಬಯಲಾಗ ಬಿದ್ದಿದ್ದವು.
ಹತ್ತಿ ಮ್ಯಾಲ ತಣ್ಣಗ, ಒಳಗ ಉರಿ ಮಲಗಿರತೈತಿ.
ರಾತ್ರಿ ತಾಸಿಗೊಮ್ಮೆ ಎದ್ದು ಅಂಗೈ ಇಟ್ಟೆ,
ಗಬ್ಬದ ಎಮ್ಮಿ ಹೊಟ್ಟಿ ಮುಟ್ಟಿ
ಕರು ಒದೀತೈತ್ಯೇನು ನೋಡಿದಂಗ.
ಎರಡು ಒದ್ದವು. ಸೀಳಿ, ನೀರು ಹೊಯ್ದೆ.
ಸಾವಕಾರ ಅದನ್ನೂ ನುಕ್ಸಾನದಾಗ ಬರಕೊಂಡ.

ಈಗ ಸೀಟಿ ಊದಿದ ಮ್ಯಾಲ ಪಟ್ಟಿ ಮೊದಲ ತಗಿಯಂಗಿಲ್ಲ.
ಒಬ್ಬೊಬ್ಬರನ್ನ ಕೇಳತೀನಿ:
ನಿನ್ನ ಬಾಜೂಕ ಯಾರಿದ್ದರು?
ಮೊನ್ನೆ ದ್ಯಾಮವ್ವ ನನಗ ತಿರುಗಿಸಿ ಕೇಳಿದಳು,
'ನಿಮ್ಮ ಬಾಜೂಕ ಯಾರಿದ್ದರ್ರಿ?'
ಎಲ್ಲಾರೂ ನಕ್ಕರು. ನಾನೂ.
ಚಾ ಬಂತು.
ಅಷ್ಟರಾಗ ಗೇಟಿನ ಆಚೆ ಟೆಂಪೋ ನಿಂತು
ಮೇಸ್ತ್ರಿ ಹೊಸಾ ಮಂದೀನ ಇಳಿಸಾಕತ್ತಿದ್ದ.
ಕಪ್ಪು ಅಲ್ಲೇ ಬೇರಿನ ಮ್ಯಾಲ ಇಟ್ಟು
ಪೆನ್ನು ಹುಡುಕಿದೆ.