ಕೆಳಗಿನ ಮಂಚ ಖಾಲಿ ಇದೆ

ರೋಲಾದ ಬಸ್‌ಸ್ಟಾಪಿನ ಕಂಬಕ್ಕೆ
ನಾನೇ ಅಂಟಿಸಿದ್ದೆ ಚೀಟಿ:
ಬೆಡ್‌ಸ್ಪೇಸ್ ಇದೆ. ಕೆಳಗಿನ ಮಂಚ.
ಏಸಿ, ವೈಫೈ, ಗ್ಯಾಸ್ ಸೇರಿ ಆರುನೂರು ದಿರ್ಹಂ.
ಇಂಡಿಯನ್ಸ್ ಮಾತ್ರ. ಡೀಸೆಂಟ್ ಇರಬೇಕು.
ಅಡಿಯಲ್ಲಿ ಕತ್ತರಿಸಿಬಿಟ್ಟ ಫೋನ್‌ನಂಬರಿನ ಬಾಲಗಳು
ಬಿಸಿಗಾಳಿಗೆ ಪಟಪಟ.

ಅಕ್ಕಪಕ್ಕದ ಚೀಟಿಗಳೂ ಹಾಗೇ.
ಮಲಯಾಳಿಗಳಿಗೆ. ಫಿಲಿಪಿನೋ ಹೆಂಗಸರಿಗೆ.
ಪಠಾಣರು ಫೋನ್ ಮಾಡುವುದು ಬೇಡ.
ವಾರಕ್ಕೊಮ್ಮೆ ಮುನಿಸಿಪಾಲಿಟಿಯವ ಬಂದು
ಎಲ್ಲವನ್ನೂ ಒಂದೇ ಉಜ್ಜಿಗೆ ಕೆರೆದು ಹೋಗುತ್ತಾನೆ.
ಇಡೀ ಬೀದಿಯಲ್ಲಿ ಭೇದವೆಣಿಸದವ ಅವನೊಬ್ಬನೇ.

ಇಪ್ಪತ್ತೆರಡು ವರ್ಷವಾಯಿತು ಇಲ್ಲಿ,
ಕ್ಲೀನಿಂಗ್ ಕಂಪನಿಯ ಸಂಬಳದ ಪಟ್ಟಿ ಬರೆಯುವವನು.
ಅದೇ ಮಾಪು, ಅದೇ ಬಕೆಟು, ಅದೇ ಹನ್ನೆರಡು ತಾಸು;
ಅಂಕಿ ಮಾತ್ರ ಪಾಸ್‌ಪೋರ್ಟಿನ ರಟ್ಟು ನೋಡಿ.
ನೇಪಾಳಿ ನಿಯತ್ತಿನವ,
ಈಜಿಪ್ತಿನವ ಬಾಯಿಬಡುಕ,
ಆಫ್ರಿಕಾದವ—
ಈ ವಾಕ್ಯವನ್ನು ಯಾರೂ ಪೂರ್ತಿ ಮಾಡುವುದಿಲ್ಲ,
ಹುಬ್ಬಿನಲ್ಲೇ ಮುಗಿಸಿಬಿಡುತ್ತೇವೆ.

ಶುಕ್ರವಾರ ಮಧ್ಯಾಹ್ನ ಬಾಗಿಲು ಬಡಿಯಿತು.
ವಾಟ್ಸಾಪಿನಲ್ಲಿ ಲೊಕೇಶನ್ ಕೇಳಿದ್ದವನು.
ಸೆಕ್ಯುರಿಟಿಯ ಯೂನಿಫಾರ್ಮು, ಸುರುಳಿ ಸುರುಳಿ ಕೂದಲು,
ಚೌಕಟ್ಟು ತುಂಬುವಷ್ಟು ಆಳು,
ಬೆವರಿಗೆ ಮುದುಡಿದ ಬಾಲ ಬೆರಳ ಸಂದಿಯಲ್ಲಿ.
ನಾನು ಒಳಗೆ ತಿರುಗಿ
ಮೀನು ಹುರಿಯುತ್ತಿದ್ದ ಭೋಜಣ್ಣನಿಗೆ ಕೂಗಿದೆ:
'ಯಾವುದೋ ಆಫ್ರಿಕಾ ಬಂದಿದೆ ಮಾರಾಯ್ರೆ,
ಮಂಚ ಹೋಯಿತು ಅಂತ ಹೇಳಿಬಿಡಲಾ?'

ಹೊಸ್ತಿಲಾಚೆಯಿಂದ ತಣ್ಣಗೆ ಒಂದು ದನಿ:
'ಬಂದಿದೆ ಅಲ್ಲ ಸರ,
ಬಂದಿದ್ದಾನೆ ಅನ್ರಿ.
ಬಂದದ್ದು ಹಳಿಯಾಳದಿಂದ.'

ಎಣ್ಣೆ ಚಟಪಟ ಎನ್ನುತ್ತಲೇ ಇತ್ತು.

ಬಸ್ತ್ಯಾಂವ್ ಸಿದ್ದಿ.
ಚಹಾ ಊದಿ ಊದಿ ಕುಡಿಯುತ್ತ ಹೇಳಿದ:
ಏರ್‌ಪೋರ್ಟಿನಲ್ಲಿ ಒಬ್ಬ
ಪಾಸ್‌ಪೋರ್ಟು ನೋಡಿದ, ಮುಖ ನೋಡಿದ,
ಕನ್ನಡದಲ್ಲಿ ಹದಿನೇಳರ ಮಗ್ಗಿ ಹೇಳು ಅಂದ.
ಹೇಳಿದೆ. ಅಂವಗೇ ಬರ್ತಿರಲಿಲ್ಲ,
ಸರಿಯೋ ತಪ್ಪೋ ತಿಳೀದೆ ಸೀಲು ಹೊಡೆದ.

ಎಲ್ಲರೂ ನಕ್ಕೆವು. ನಾನು ಸ್ವಲ್ಪ ಜಾಸ್ತಿಯೇ ನಕ್ಕೆ.
ಬಾಡಿಗೆಯಲ್ಲಿ ಐವತ್ತು ಬಿಟ್ಟೆ.
'ನಮ್ಮವನೇ, ಪಕ್ಕಾ ನಮ್ಮವನೇ' ಎಂದು
ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ,
ಕಳೆದ ಪರ್ಸು ಹಿಂತಿರುಗಿಸಿದವನ ಹಾಗೆ.

ಎದುರು ಕಟ್ಟಡದ ಮಾಲಕ
ಬಸ್ತ್ಯಾಂವನಿಗಿಂತ ಒಂದು ಪಟ್ಟು ಕಪ್ಪು.
ಇಸ್ತ್ರಿ ಹಾಕಿದ ಬಿಳಿ ಕಂದೂರದಲ್ಲಿ ಕಾರಿಳಿದರೆ
ನಮ್ಮ ಕೈ ತಾನಾಗಿ ಎದೆಗೇರುತ್ತದೆ, ಸಲಾಂ.
ಆ ಕಪ್ಪು ನಮಗೆ ಕಾಣುವುದೇ ಇಲ್ಲ.
ಇದನ್ನು ಬಸ್ತ್ಯಾಂವ್ ಹೇಳಿದ್ದಲ್ಲ.
ಅವನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದ,
ನಾನು ಅವನು ನೋಡುವುದನ್ನು ನೋಡಿದೆ.

ಶಿವಪುತ್ರ ವೀಸಾ ಮುಗಿಸಿ ವಿಜಯಪುರಕ್ಕೆ ಹೋದ ಮೇಲೆ
ಮೇಲಿನ ಮಂಚ ಖಾಲಿಯಾಯಿತು.
'ನನ್ನ ಜೊತೆ ಡ್ಯೂಟಿ ಮಾಡೋವ್ನಿದ್ದಾನೆ, ವಾಸ್ವಾ.
ಉಗಾಂಡಾದವ. ಸಿಗರೇಟಿಲ್ಲ, ಕುಡಿತ ಇಲ್ಲ,
ರಾತ್ರಿ ಮಗಳಿಗೆ ಫೋನು, ಅಷ್ಟೇ.'
ನಾನು ಗಂಟಲು ಸರಿಮಾಡಿಕೊಂಡೆ.
'ಹಾಗಲ್ಲ ಬಸ್ತ್ಯಾಂವ್, ನಿನ್ನ ಮಾತು ಬೇರೆ.
ಅವನು ಹೇಗೂ...'
ಉಳಿದದ್ದನ್ನು ಹುಬ್ಬಿಗೆ ಬಿಟ್ಟೆ.

ಅವನು ಚಾದರ ಮಡಚುತ್ತಿದ್ದ,
ಮೂಲೆಗೆ ಮೂಲೆ ಕೂಡಿಸಿ.
ತಲೆಯೆತ್ತದೆ ಕೇಳಿದ:
'ಅಂವಗೂ ಮಗ್ಗಿ ಕಲಿಸ್ಲಾ ಸರ?'

ರಾತ್ರಿ ಒಂದೂವರೆ. ಏಸಿ ಗೊರಗೊರ.
ನೆತ್ತಿಯ ಮೇಲೆ ಖಾಲಿ ಮಂಚದ ಹಲಗೆ.
ಹೊಸ ಚೀಟಿ ಅರ್ಧ ಬರೆದು ದಿಂಬಿನಡಿ ಇಟ್ಟಿದ್ದೇನೆ,
'ಮಾತ್ರ' ಎಂಬಲ್ಲಿ ಪೆನ್ನು ನಿಂತಿದೆ.
ಹದಿನೇಳು ಒಂದಲಿ ಹದಿನೇಳು,
ಹದಿನೇಳು ಎರಡಲಿ ಮೂವತ್ತನಾಲ್ಕು,
ಮೂರಲಿ ಐವತ್ತೊಂದು...
ತುಟಿ ಕುಣಿಸುತ್ತ ಮಲಗಿದ್ದೇನೆ.
ಹದಿನೇಳು ಏಳಲಿ
ಹದಿನೇಳು ಏಳಲಿ