ಇವತ್ತು ಏನಿದೆ

ನಮ್ಮ ರೊಟ್ಟಿಯಂಗಡಿಯ ಕಿಟಕಿ ಪಕ್ಕದ ಗೋಡೆ
ಮೊಳೆ ಹಿಡಿಯುವುದಿಲ್ಲ. ಬೆನ್ನಿಗೇ ಒಲೆ,
ಸುಣ್ಣಕ್ಕೆ ಯಾವಾಗಲೂ ಉದುರುವ ಆತುರ.
ಹಾಗಾಗಿ ಹಿಟ್ಟು. ಒಂದು ಚಿಟಿಕೆ ಕಣಕ ಒತ್ತಿದರೆ
ಯಾವ ಫೋಟೋ ಆದರೂ ನಿಲ್ಲುತ್ತದೆ, ಮೂರು ದಿನ, ನಾಲ್ಕು ದಿನ.

ಮೊದಲು ಅಂಟಿಸಿದವನು ಟ್ಯಾಕ್ಸಿಯ ಬದ್ರಿ:
ಅವನತ್ತೆಯ ಹಿತ್ತಲಿನ ಬದನೆಕಾಯಿ.
ಮೂಗಿತ್ತು ಅದಕ್ಕೆ, ಅದೂ ಸೊಟ್ಟ ಮೂಗು.
ಆಮೇಲೆ ಕುತಾಯಿಸಿಯ ಅರ್ಧ ಊರೇ ತರತೊಡಗಿತು:
ಶವಪೆಟ್ಟಿಗೆಯ ಅಂಗಡಿಯಲ್ಲಿ, ತೆರೆದ ಪೆಟ್ಟಿಗೆಯೊಳಗೆ
ನಿದ್ದೆಹೋದ ನಾಯಿ.
ಬಿಳಿ ಸೇತುವೆಯ ಕಂಬಿಗೆ ಯಾರೋ ತೊಡಿಸಿದ ಕಾಲುಚೀಲ.
ಬಾಲ್ಕನಿಯಲ್ಲಿ ಹಸು. ಮೂರನೇ ಮಹಡಿ. ಹೇಗೆ ಹತ್ತಿತು, ಕೇಳಬೇಡಿ.

ಶೋತಿ, ದೋಣಿಯಂಥ ನಮ್ಮ ರೊಟ್ಟಿ,
ಬೇಯಲು ಬೇಕು ಏಳೋ ಎಂಟೋ ನಿಮಿಷ.
ಅಷ್ಟು ಹೊತ್ತು ಬಾಯಿ ಸುಮ್ಮನಿರುತ್ತದೆಯೇ?
"ಹಸುವಿಗೆ ಬಾಡಿಗೆ ಎಷ್ಟಂತೆ?"
"ನಾಯಿ ಅಳತೆ ನೋಡ್ತಿದೆ, ತನಗಲ್ಲ, ನಿನಗೆ."
"ಬದನೆ ಥೇಟ್ ನಮ್ಮ ಹೆಡ್‌ಮಾಸ್ತರು."
ಆಡಿದ್ದನ್ನು ಅಲ್ಲೇ ಬಿಟ್ಟು, ರೊಟ್ಟಿ ಕಂಕುಳಲ್ಲಿಟ್ಟು ನಡೆದರು,
ಚೂಪು ತುದಿ ಮುರಿದು ಬಾಯಿಗೆ ಹಾಕಿಕೊಳ್ಳುತ್ತ.
ನಾನು ಚಿಲ್ಲರೆ ಎಣಿಸಿದೆ.

ನೋದರ್‌ದು ಮಾತ್ರ ಎಲ್ಲಕ್ಕೂ ಒಂದೇ ಮಾತು:
"ಇದೇನು ಮಹಾ, ಇದಕ್ಕಿಂತ ದೊಡ್ಡದು ನೋಡಿದ್ದೇನೆ."
ಬದನೆಗೂ ಅದೇ. ಹಸುವಿಗೂ ಅದೇ.
ಕಾಲುಚೀಲಕ್ಕೂ!
ಹೊಲಿಗೆಯ ಜೂಜುನಾ, ನಾಲಿಗೆಯಲ್ಲೂ ಸೂಜಿ,
"ಹುಟ್ಟಿದ ದಿನ ಸೂಲಗಿತ್ತಿಗೂ ಇದನ್ನೇ ಹೇಳಿರಬೇಕು" ಅಂದಳು.

ಚಳಿ ಕಳೆಯುವಷ್ಟರಲ್ಲಿ ಅವನ ಕಣ್ಣು ಹೋಯಿತು.
ಮೊದಲು ಒಂದು, ಆಮೇಲೆ ಇನ್ನೊಂದು.
ಡಾಕ್ಟರು ಹೇಳಿದ ಹೆಸರು ಯಾರಿಗೂ ನೆನಪುಳಿಯಲಿಲ್ಲ.
ಮಾರ್ಚಿನಲ್ಲಿ ಬಂದ, ಮೊಮ್ಮಗಳ ತೋಳು ಹಿಡಿದು.
ಸರದಿಯಲ್ಲೇ ನಿಂತ, ಗೋಡೆಯತ್ತ ಗದ್ದ ಎತ್ತಿ:
"ಇವತ್ತು ಏನಿದೆ?"

ಕುದುರೆ, ಅಂದ ಬದ್ರಿ.
ಕುದುರೆ ಅಂದರೆ?
ಬಸ್‌ಸ್ಟಾಪಿನಲ್ಲಿ ನಿಂತಿದೆ.
ಯಾವ ಕಡೆ ಮುಖ? ಮಳೆಯೋ, ಬಿಸಿಲೋ? ಪಕ್ಕದಲ್ಲಿ ಯಾರು?
ಬದ್ರಿ ಬಾಯಿ ತೆರೆದ, ಮುಚ್ಚಿದ, ಗೋಡೆಯ ಹತ್ತಿರ ಹೋದ.
ನಿನ್ನೆ ಸಂಜೆ ಇದೇ ಕುದುರೆಗೆ ಟಿಕೆಟ್ ಹರಿದು ನಕ್ಕಿದ್ದೆವು.
ಪಕ್ಕದಲ್ಲಿ ಒಬ್ಬ ಹುಡುಗ ಕೂತಿದ್ದಾನೆಂದು
ಈಗ ಕಾಣಿಸಿತು. ಬರಿಗಾಲು. ಕೈಯಲ್ಲಿ ಲಗಾಮಿಲ್ಲ,
ಲಗಾಮು ಇದೆಯೆಂಬಂತೆ ಮಡಚಿದ ಬೆರಳು.
"ಹುಡುಗಿ ಅದು," ಅಂದಳು ಜೂಜುನಾ. "ಹುಡುಗ."
"ಕಿವಿ ನೋಡು, ಓಲೆಯ ತೂತು." ಕನ್ನಡಕ ಕೈಯಿಂದ ಕೈಗೆ ಹೋಯಿತು.
ಒಳಗೆ ಎರಡು ರೊಟ್ಟಿ ಸೀದವು, ತಪ್ಪು ನನ್ನದೇ.
ಎಲ್ಲ ಕೇಳಿಸಿಕೊಂಡು ನೋದರ್ ತಲೆಯಾಡಿಸಿದ:
"ಕುದುರೆ ಬಿಡಿ, ಇದಕ್ಕಿಂತ ದೊಡ್ಡದು ನೋಡಿದ್ದೇನೆ.
ಆ ಮಗು ಮನೆ ಸೇರಿತೇ?"
ಯಾರಿಗೆ ಗೊತ್ತು.

ಈಸ್ಟರಿಗೆ ಮುಂಚೆ ಮಾಲೀಕ ಸುಣ್ಣ ಹೊಡೆಸಿದ.
ಎಲ್ಲ ಕಿತ್ತುಹಾಕಿದರು, ಹಿಟ್ಟಿನ ಕಲೆಯೂ ಉಳಿಯದಂತೆ.
ಮರುದಿನ ಅವನು ಬಂದ. "ಏನಿದೆ?"
ಸಾಲು ಕಾಲು ಬದಲಿಸಿತು. ನಾನು ಒಲೆಯೊಳಗೆ ಬಗ್ಗಿದೆ.
ಜೂಜುನಾ ಗಂಟಲು ಸರಿಮಾಡಿಕೊಂಡಳು:
"ಮೀನು. ರಿಯೋನಿ ಹೊಳೆಯದು. ದಡಕ್ಕೆ ಬಂದು
ಕೋಟು ಒಣಹಾಕುತ್ತಿದೆ."
"ಗುಂಡಿ ಎಷ್ಟು?"
"ಐದು. ಒಂದರ ಬಣ್ಣ ಬೇರೆ."
"ಹಸಿರು," ಹಿಂದಿನಿಂದ ಬದ್ರಿ.
"ಟೋಪಿಯೂ ಇದೆ," ಅಂದಳು ಯಾರೋ ಹೊಸಬಳು,
ಗೋಡೆಯನ್ನೇ ನೋಡುತ್ತ.

ನೋದರ್ ಕೈ ಚಾಚಿ ಮುಟ್ಟಿದ. ಬೆಚ್ಚಗಿದ್ದಿರಬೇಕು.
ಬೆರಳು ಮೂಸಿದ, ತುದಿ ಬೆಳ್ಳಗಾಗಿತ್ತು.
"ಹೊಸ ಸುಣ್ಣ," ಅಂದ.
ಯಾರೂ ಉಸಿರೆತ್ತಲಿಲ್ಲ.
"ಇರಲಿ. ಟೋಪಿ ಎಂಥದು, ಹೇಳು.
ನಾನು ನೋಡಿದ ಮೀನಿನದು ಇದಕ್ಕಿಂತ ದೊಡ್ಡದಿತ್ತು."